ಒಂದು ಕಡೆ ಸ್ಪೀಕರ್ ಸದ್ದಿಲ್ಲದಾಗ: ಎಟಿ-ವಿಎಂ95ಇ ಕಾರ್ಟ್ರಿಜ್‌ನ ರಿಪೇರಿ ಮತ್ತು ಬದಲಾವಣೆ

ಟರ್ನ್‌ಟೇಬಲ್ ತೋಳಿನ ತುದಿಯಲ್ಲಿ ಕೂತು, ಗ್ರಾಮಫೋನ್ ಪ್ಲೇಟಿನ ಗೆರೆಯನ್ನು ಮುಳ್ಳಿನಿಂದ ಓದಿ ವಿದ್ಯುತ್ ಸಿಗ್ನಲ್ ಮಾಡುವ ಪುಟ್ಟ ಭಾಗವೇ ಕಾರ್ಟ್ರಿಜ್. ಕೆಟ್ಟಿದೆ ಅಂತ ಜನ ಎತ್ತಿಡುವ ಕಾರ್ಟ್ರಿಜ್‌ಗಳಲ್ಲಿ ಎಷ್ಟೋ ಕೆಟ್ಟೇ ಇರುವುದಿಲ್ಲ. ಹಿಂದಿನ ಪಿನ್ನಿನ ಮೇಲೆ ಕ್ಲಿಪ್ಪು ಸಡಿಲವಾಗಿರುತ್ತದೆ, ಮುಳ್ಳಿಗೆ ದೂಳು ಮೆತ್ತಿರುತ್ತದೆ, ಇಲ್ಲವೇ ಮುಳ್ಳು ಪ್ಲೇಟನ್ನು ಒತ್ತುವ ಭಾರ ತಪ್ಪಾಗಿರುತ್ತದೆ. ಆದ್ದರಿಂದ ಹೊಸದು ಕೊಳ್ಳುವ ಮೊದಲು ಹುಡುಕಿ. ಹುಡುಕುವುದಕ್ಕೆ ಒಂದು ಕ್ರಮ ಇರಲಿ.

ನನ್ನ ಟರ್ನ್‌ಟೇಬಲ್‌ನಲ್ಲಿ ಇರುವುದು ಆಡಿಯೋ-ಟೆಕ್ನಿಕಾದ ಎಟಿ-ವಿಎಂ95ಇ. ಹಸಿರು ಸ್ಟೈಲಸ್‌ನ (ಮುಳ್ಳಿರುವ ಭಾಗ) ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್, ಅಂದರೆ ಮುಳ್ಳಿನ ಜೊತೆ ಆಯಸ್ಕಾಂತ ಅಲುಗಿ ಕಾಯಿಲ್‌ನಲ್ಲಿ ಸಿಗ್ನಲ್ ಹುಟ್ಟುತ್ತದೆ. ಅಪ್ಪ ಕೂಡಿಸಿಟ್ಟ 45ರ (ನಿಮಿಷಕ್ಕೆ 45 ಸುತ್ತಿನ) ಪ್ಲೇಟುಗಳನ್ನೂ ನಾನು ಕೊಂಡ ಎಲ್‌ಪಿಗಳನ್ನೂ ಇದರಲ್ಲೇ ಕೇಳುತ್ತೇನೆ. ಕೆಳಗಿನ ಅಂಕಿಗಳು ಇದರವು. ನಿಮ್ಮದು ಬೇರೆ ಮಾಡೆಲ್ ಆಗಿದ್ದರೆ ಅಂಕಿ ಬದಲಾಗುತ್ತದೆ, ಹುಡುಕುವ ದಾರಿ ಅದೇ.

ಕೈ ಹಾಕುವ ಮುಂಚೆ ಆಂಪ್ಲಿಫೈಯರ್ ಆಫ್ ಮಾಡಿ. ಸ್ಟೈಲಸ್ ಭಾಗವನ್ನು ಬಿಚ್ಚಿ ಡಬ್ಬಿಯಲ್ಲಿಡಿ, ಕೇಳಿ ನೋಡುವಾಗ ಮಾತ್ರ ಮತ್ತೆ ಸಿಕ್ಕಿಸಿ. ಈ ಕಾರ್ಟ್ರಿಜ್‌ನಲ್ಲಿ ಅದು ಕೈಯಲ್ಲೇ ಕಳಚಿ ಬರುತ್ತದೆ, ಅದೇ ಇದರ ದೊಡ್ಡ ಅನುಕೂಲ. ಮುಳ್ಳು ಹಿಡಿದಿರುವ ಆ ಸಣ್ಣ ಕಡ್ಡಿಗೆ ಸ್ಕ್ರೂಡ್ರೈವರ್ ತಗುಲಿದರೆ ಮುಗಿಯಿತು, ಬಗ್ಗಿದ್ದನ್ನು ಮತ್ತೆ ನೆಟ್ಟಗೆ ಮಾಡಲು ಆಗುವುದಿಲ್ಲ.

ಎಡಗಡೆ ಸದ್ದಿಲ್ಲ ಅಂದುಕೊಳ್ಳಿ. ಮೊದಲು ಆಂಪ್ಲಿಫೈಯರ್ ಹಿಂದೆ ಟರ್ನ್‌ಟೇಬಲ್‌ನ ಎರಡು ಪ್ಲಗ್ಗುಗಳನ್ನು ಅದಲುಬದಲು ಮಾಡಿ. ಈಗಲೂ ಎಡ ಸ್ಪೀಕರೇ ಸುಮ್ಮನಿದ್ದರೆ ತೊಂದರೆ ಆಂಪ್ಲಿಫೈಯರ್‌ನಲ್ಲೋ ಸ್ಪೀಕರ್‌ನಲ್ಲೋ ಇದೆ, ಕಾರ್ಟ್ರಿಜ್ ಮುಟ್ಟಬೇಡಿ. ಬಲಕ್ಕೆ ಹೋದರೆ ತೊಂದರೆ ಈಚೆ ಕಡೆ. ಆಗ ಪ್ಲಗ್ಗುಗಳನ್ನು ಮೊದಲಿನಂತೆ ಹಾಕಿ, ತೋಳಿನ ತುದಿಯಲ್ಲಿ ಕಾರ್ಟ್ರಿಜ್ ಹಿಡಿದಿರುವ ಹೆಡ್‌ಶೆಲ್ ಹತ್ತಿರ ಬನ್ನಿ. ಅಲ್ಲಿ ನಾಲ್ಕು ತಂತಿ: ಬಿಳಿ ಎಡದ ಪ್ಲಸ್, ನೀಲಿ ಎಡದ ಮೈನಸ್, ಕೆಂಪು ಬಲದ ಪ್ಲಸ್, ಹಸಿರು ಬಲದ ಮೈನಸ್. ಬಿಳಿ-ನೀಲಿ ಜೋಡಿಯನ್ನು ಬಲದ ಪಿನ್ನುಗಳಿಗೆ, ಕೆಂಪು-ಹಸಿರು ಜೋಡಿಯನ್ನು ಎಡದ ಪಿನ್ನುಗಳಿಗೆ ಹಾಕಿ ಕೇಳಿ. ಮೌನ ಬಲಕ್ಕೆ ಹೋಯಿತೇ? ಕಾರ್ಟ್ರಿಜ್ ಕಡೆಯ ದೋಷ. ಎಡದಲ್ಲೇ ಉಳಿಯಿತೇ? ತೋಳಿನ ತಂತಿಯಲ್ಲೋ ಹೆಡ್‌ಶೆಲ್ ಕೂರುವ ಜಾಗದಲ್ಲೋ ಇದೆ.

ಕಾರ್ಟ್ರಿಜ್ ಕಡೆಯದೇ ಅಂತ ಗೊತ್ತಾದ ಮೇಲೂ ಮೊದಲ ಅನುಮಾನ ಪಿನ್ನಿನ ಮೇಲೆ. ಮಂಗಳೂರಿನಲ್ಲಿರುವ ನಮ್ಮ ಭಾವನ ಮನೆಯಲ್ಲಿ ಮಳೆಗಾಲ ಮುಗಿದರೆ ಪಿನ್ನು, ಕ್ಲಿಪ್ಪು ಎರಡೂ ಕಪ್ಪಾಗಿರುತ್ತವೆ. ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು, ಸದ್ದು ವಾಪಸ್. ಕ್ಲಿಪ್ಪು ಸಡಿಲವಾಗಿದ್ದರೆ ಅದರೊಳಗೆ ಹಲ್ಲುಕಡ್ಡಿ ತೂರಿಸಿ, ಚಿಮಟದಿಂದ ಹಗುರಾಗಿ ಒತ್ತಿ. ಕಾರ್ಟ್ರಿಜ್‌ನ ಪಿನ್ನಿಗೆ ಮಾತ್ರ ಯಾವತ್ತೂ ಬೆಸುಗೆ ಹಾಕಬೇಡಿ. ಆ ಬಿಸಿ ಒಳಗಿನ ಕಾಯಿಲ್‌ನ ತಂತಿಯನ್ನೇ ಬಿಡಿಸಿಬಿಡುತ್ತದೆ.

ಇಷ್ಟಾದರೂ ಸದ್ದಿಲ್ಲದಿದ್ದರೆ ನಾಲ್ಕು ಕ್ಲಿಪ್ಪನ್ನೂ ತೆಗೆದು ಮಲ್ಟಿಮೀಟರ್ ಹಿಡಿಯಿರಿ. ಎಡದ ಎರಡು ಪಿನ್ನುಗಳ ನಡುವೆ 485 ಓಮ್ ಆಸುಪಾಸು ತೋರಿಸಬೇಕು, ಬಲದ್ದೂ ಅಷ್ಟೇ. ಒಂದು ಕಡೆ ಏನೂ ತೋರಿಸದಿದ್ದರೆ ಆ ಕಾಯಿಲ್ ಕಡಿದಿದೆ, ಬೇರೆ ಬಾಡಿ ಬೇಕು. ಈ ಪರೀಕ್ಷೆ ಮೂವಿಂಗ್ ಮ್ಯಾಗ್ನೆಟ್‌ಗೆ ಮಾತ್ರ. ಆಯಸ್ಕಾಂತದ ಬದಲು ಕಾಯಿಲ್ಲೇ ಅಲುಗುವ ಮೂವಿಂಗ್ ಕಾಯಿಲ್ ಕಾರ್ಟ್ರಿಜ್‌ಗೆ ಮೀಟರ್ ಹಚ್ಚಬೇಡಿ, ಅದರ ಕಾಯಿಲ್ ತುಂಬ ನಾಜೂಕು.

ಸದ್ದು ಎರಡೂ ಕಡೆ ಇದೆ, ಆದರೆ ಬೇಸ್ ಇಲ್ಲ, ಹಾಡುವವರು ಎಲ್ಲಿದ್ದಾರೋ ತಿಳಿಯುತ್ತಿಲ್ಲ ಅಂದರೆ ಒಂದು ಕಡೆ ಪ್ಲಸ್ ಮೈನಸ್ ತಿರುಗಿದೆ. ಗುಂಯ್ ಅನ್ನುವ ಹಮ್ ಬಂದರೆ ಅರ್ಥ್ ತಂತಿ ನೋಡಿ. ತೋಳು ಮಧ್ಯಕ್ಕೆ ಸರಿದ ಹಾಗೆ ಹಮ್ ಜಾಸ್ತಿಯಾದರೆ ಕಾರ್ಟ್ರಿಜ್ ಹತ್ತಿರದ ಮೋಟಾರ್ ಅಥವಾ ಟ್ರಾನ್ಸ್‌ಫಾರ್ಮರ್‌ನಿಂದ ಅದನ್ನು ಹಿಡಿಯುತ್ತಿದೆ.

ಸಕಾರ ಶಕಾರ ಬಂದಾಗಲೆಲ್ಲ ಚುರ್ ಅಂತ ಹರಿಯುವ ದೂರು ಎಲ್ಲರದ್ದೂ ಅಲ್ವಾ? ಮೊದಲು ಮುಳ್ಳು ಸ್ವಚ್ಛ ಮಾಡಿ. ಬ್ರಷ್ಷನ್ನು ಹಿಂದಿನಿಂದ ಮುಂದಕ್ಕೆ, ಪ್ಲೇಟು ಹರಿಯುವ ದಿಕ್ಕಿನಲ್ಲೇ ಎಳೆಯಿರಿ. ಪಕ್ಕಕ್ಕೆ ಬೇಡ. ದ್ರವ ಜಾಸ್ತಿ ಹಚ್ಚಿದರೆ ಕಡ್ಡಿಯ ಮೇಲೆ ಹರಿದು ವಜ್ರ ಕೂರಿಸಿದ ಅಂಟನ್ನು ಸಡಿಲ ಮಾಡಬಹುದು. ಆಮೇಲೆ ಭಾರ. ಇದಕ್ಕೆ 2 ಗ್ರಾಂ, 1.8ರಿಂದ 2.2ರವರೆಗೆ ಸರಿ. ಪ್ಲೇಟು ಸವೆಯುತ್ತದೆ ಅಂತ ಹೆದರಿ 1.5ಕ್ಕೆ ಇಳಿಸುವವರಿದ್ದಾರೆ. ಹಾಗೆ ಮಾಡಿದರೆ ಮುಳ್ಳು ಗೆರೆಯಲ್ಲಿ ನೆಲೆ ನಿಲ್ಲದೆ ಕುಣಿದು ಗೋಡೆಗೆ ಹೊಡೆಯುತ್ತದೆ, ಪ್ಲೇಟು ಹಾಳಾಗುವುದು ಅದರಿಂದಲೇ. ಭಾರ ಅಳೆಯುವ ಪುಟ್ಟ ತಕ್ಕಡಿಯ ತಟ್ಟೆ ಕಬ್ಬಿಣದ್ದಾಗಿರಬಾರದು, ಕಾರ್ಟ್ರಿಜ್‌ನ ಆಯಸ್ಕಾಂತ ಅದನ್ನು ಎಳೆದು ಲೆಕ್ಕ ತಪ್ಪಿಸುತ್ತದೆ. ಹಾಡು ಪ್ಲೇಟಿನ ಕೊನೆಯಲ್ಲಿ ಮಾತ್ರ ಒಡೆದು ಕೇಳಿದರೆ ಕಾರ್ಟ್ರಿಜ್ ಕೂತ ಕೋನ ನೋಡಿ. ನಾನು ಬೇರ್‌ವಾಲ್ಡ್ ಅನ್ನುವ ಲೆಕ್ಕದ ಪ್ರಕಾರ ಗೆರೆ ಹಾಕಿದ, ಕೋನ ನೋಡುವ ಕಾಗದ ಇಟ್ಟುಕೊಂಡು ಹೊಂದಿಸುತ್ತೇನೆ. ಪ್ಲೇಟಿನ ನಡುವಿನಿಂದ 66 ಮತ್ತು 120.9 ಮಿಲಿಮೀಟರ್ ದೂರದಲ್ಲಿ ಕಾರ್ಟ್ರಿಜ್ ಗೆರೆಗೆ ನೇರವಾಗಿರಬೇಕು.

ಈಗ ಬದಲಾವಣೆ. ದುಡ್ಡು ಹಾಕುವುದಾದರೆ ಸ್ಟೈಲಸ್‌ಗೆ ಹಾಕಿ. ವಿಎಂ95 ಸರಣಿಯ ಎಲ್ಲ ಸ್ಟೈಲಸ್ಸೂ ಒಂದೇ ಬಾಡಿಗೆ ಕೂರುತ್ತವೆ. ಹಸಿರು ಎಲಿಪ್ಟಿಕಲ್ (ಅಂಡಾಕಾರದ ತುದಿಯ) ಮುಳ್ಳಿಗೆ ಕಂಪನಿ ಹೇಳುವ ಆಯಸ್ಸು 300 ಗಂಟೆ, ಇನ್ನೂ ಸೂಕ್ಷ್ಮವಾಗಿ ಕೊರೆದ ತುದಿಯ ಕೆಂಪು ಮೈಕ್ರೋಲೀನಿಯರ್‌ಗೆ 1000 ಗಂಟೆ. ಬೆಲೆಯ ವ್ಯತ್ಯಾಸವನ್ನು ಈ ಗಂಟೆಗಳ ಮೇಲೆ ಹಂಚಿ ನೋಡಿ. ಪ್ಲೇಟಿನ ಒಳಸುತ್ತುಗಳಲ್ಲಿ ಕೆಂಪು ಮುಳ್ಳು ಎಷ್ಟು ನಿಚ್ಚಳವಾಗಿ ಓದುತ್ತದೆ ಅನ್ನುವುದನ್ನು ಒಮ್ಮೆ ಕೇಳಿದವರು ವಾಪಸ್ ಹೋಗುವುದಿಲ್ಲ. ಸ್ಟೈಲಸ್ ಭಾಗ ಬಾಡಿಯಲ್ಲಿ ಸ್ವಲ್ಪ ಅಲುಗಿದರೆ ಕೂಡುವ ಜಾಗದ ಎರಡು ಪಕ್ಕಕ್ಕೆ ಸಾಸಿವೆ ಕಾಳಿನಷ್ಟು ಬ್ಲೂ ಟ್ಯಾಕ್ (ಪೋಸ್ಟರ್ ಅಂಟಿಸುವ ಮೆತ್ತನೆಯ ಅಂಟು) ಒತ್ತಿ. ಫೆವಿಕ್ವಿಕ್ ಬೇಡ, ಆಮೇಲೆ ಸ್ಟೈಲಸ್ ಬದಲಿಸಲು ಆಗುವುದಿಲ್ಲ.

ಖರ್ಚಿಲ್ಲದೆ ಸದ್ದು ತಿದ್ದುವ ಇನ್ನೊಂದು ದಾರಿ ಕೆಪಾಸಿಟೆನ್ಸ್, ಅಂದರೆ ತಂತಿಗಳು ವಿದ್ಯುತ್ ಆವೇಶ ಹಿಡಿದಿಡುವ ಗುಣ. ಕಂಪನಿ ಕೇಳುವುದು 100ರಿಂದ 200 ಪಿಕೋಫ್ಯಾರಡ್. ತೋಳಿನ ತಂತಿ, ಕೇಬಲ್ಲು, ಆಂಪ್ಲಿಫೈಯರ್‌ನ ಫೋನೋ ಇನ್‌ಪುಟ್ (ಟರ್ನ್‌ಟೇಬಲ್ ಸಿಕ್ಕಿಸುವ ಜಾಗ) ಮೂರೂ ಸೇರಿಸಿದ ಲೆಕ್ಕ ಅದು. ಕಾಯಿಲ್‌ನ ಇಂಡಕ್ಟೆನ್ಸ್ (ವಿದ್ಯುತ್ತಿನ ಏರಿಳಿತವನ್ನು ತಡೆಯುವ ಗುಣ) 550 ಮಿಲಿಹೆನ್ರಿ. 200 ಇದ್ದರೆ ಎರಡೂ ಸೇರಿ ಅನುರಣಿಸುವುದು 15,000 ಹರ್ಟ್ಸ್ ಹತ್ತಿರ. 400 ಆದರೆ ಅದು 10,700ಕ್ಕೆ ಇಳಿದು, ಕಿವಿಗೆ ಚುಚ್ಚುವ ಜಾಗದಲ್ಲೇ ಉಬ್ಬು ಕೂರುತ್ತದೆ. ಉದ್ದ ಕೇಬಲ್ ಹಾಕಿ ಕಾರ್ಟ್ರಿಜ್ ಒರಟು ಅಂತ ಬೈಯುವವರು ಒಮ್ಮೆ ಗಿಡ್ಡ ಕೇಬಲ್ ಹಾಕಿ ಕೇಳಬೇಕು.

ಕನ್ನಡದ ಹಳೆ ಪ್ಲೇಟು ಕೇಳುವವರಿಗೆ ನಾನು ತುಂಬಾ ಒತ್ತಿ ಹೇಳುವ ಬದಲಾವಣೆ ಮೋನೋ (ಎರಡೂ ಸ್ಪೀಕರ್‌ಗೆ ಒಂದೇ ಸದ್ದು) ಜೋಡಣೆ. ಅರವತ್ತರ ದಶಕದ ಚಿತ್ರಗೀತೆಯ 45ಗಳು ಹೆಚ್ಚಾಗಿ ಮೋನೋ. ಮೋನೋ ಗೆರೆಯಲ್ಲಿ ಹಾಡು ಇರುವುದು ಅಡ್ಡ ಓಲಾಟದಲ್ಲಿ ಮಾತ್ರ. ಮೇಲೆ ಕೆಳಗೆ ಆಗುವ ಅಲುಗಾಟವೆಲ್ಲ ದೂಳು, ಗೀರು, ಸವೆತದ ಸದ್ದು. ಸ್ಟೀರಿಯೋ ಕಾರ್ಟ್ರಿಜ್ ಅದನ್ನೂ ಓದುತ್ತದೆ, ಆದರೆ ಎರಡು ಚಾನೆಲ್‌ಗಳಲ್ಲಿ ಒಂದಕ್ಕೊಂದು ಎದುರು ದಿಕ್ಕಿನಲ್ಲಿ. ಎರಡನ್ನೂ ಸೇರಿಸಿದರೆ ಅದು ಕಳೆದುಹೋಗುತ್ತದೆ, ಹಾಡು ಉಳಿಯುತ್ತದೆ. ಇದಕ್ಕೆ ಎರಡು ವೈ ಅಡಾಪ್ಟರ್ ಸಾಕು. ಒಂದು ಎರಡನ್ನು ಒಂದು ಮಾಡಲಿ, ಇನ್ನೊಂದು ಆ ಒಂದನ್ನು ಮತ್ತೆ ಎರಡು ಮಾಡಲಿ. ಟರ್ನ್‌ಟೇಬಲ್ ಮತ್ತು ಆಂಪ್ಲಿಫೈಯರ್ ನಡುವೆ ಸಿಕ್ಕಿಸಿ. ಸ್ವರದ ಸಮತೋಲ ಕೆಡುತ್ತದೆ ಅನ್ನುವ ಭಯ ಬೇಡ: ಕೆಪಾಸಿಟೆನ್ಸ್ ಎರಡರಷ್ಟಾದರೂ ಇಂಡಕ್ಟೆನ್ಸ್ ಅರ್ಧವಾಗುತ್ತದೆ, ಅನುರಣನೆ ಇದ್ದಲ್ಲೇ ಇರುತ್ತದೆ. ಚಿಟಪಟ ಸದ್ದಿನಡಿ ಹೂತಿದ್ದ ದನಿ ಮುಂದೆ ಬರುವುದನ್ನು ಕೇಳಿದರೆ ನಿಮಗೇ ಗೊತ್ತಾಗುತ್ತದೆ.

ಹಳೆ ಸೂಟ್‌ಕೇಸ್ ಪ್ಲೇಯರ್‌ಗಳಿಗೆ ಈ ಕಾರ್ಟ್ರಿಜ್ ಹಾಕಬೇಡಿ. ಅವುಗಳಲ್ಲಿ ಇರುವುದು ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಜ್, ಅದರ ಸಿಗ್ನಲ್ ನೂರಾರು ಮಿಲಿವೋಲ್ಟ್. ಇದರದು 4 ಮಿಲಿವೋಲ್ಟ್. ಸದ್ದು ಕೇಳಿಸುವುದೇ ಕಷ್ಟ.

78ರ ಪ್ಲೇಟು ಕೇಳಲು ಇದೇ ಬಾಡಿಗೆ ಎಸ್‌ಪಿ ಅನ್ನುವ ಬೇರೆ ಸ್ಟೈಲಸ್ ಇದೆ. 78ರ ಗೆರೆ ಅಗಲ, ಅದಕ್ಕೆ 3 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದ ಒಂದು ಭಾಗ) ಮುಳ್ಳು ಬೇಕು. ಎಲ್‌ಪಿ ಮುಳ್ಳು ಆ ಗೆರೆಯ ತಳದಲ್ಲಿ ಸುಮ್ನೆ ಕೆರೆಯುತ್ತದೆ. ಭಾರ 5 ಗ್ರಾಂ ಹತ್ತಿರ ಇಡಬೇಕು. ಎಷ್ಟೋ ತೋಳುಗಳ ಡಯಲ್ ಅಷ್ಟು ದೂರ ಹೋಗುವುದಿಲ್ಲ, ಹೆಡ್‌ಶೆಲ್ ಮೇಲೆ ಸಣ್ಣ ತೂಕ ಅಂಟಿಸಿ ತಕ್ಕಡಿಯಲ್ಲೇ ಹೊಂದಿಸಿ. ಶೆಲ್ಲ್ಯಾಕ್ (ಅರಗು) ಬಳಸಿ ಮಾಡಿದ ಈ ಹಳೆ ಪ್ಲೇಟಿಗೆ ಆಲ್ಕೋಹಾಲ್ ತಾಗಿಸಬೇಡಿ, ಕರಗುತ್ತದೆ. ಮತ್ತೆ ಹಸಿರು ಸ್ಟೈಲಸ್ ಹಾಕುವಾಗ ಆ ತೂಕ ತೆಗೆದು, 2 ಗ್ರಾಂಗೆ ಇಳಿಸಿದ ಮೇಲೆಯೇ ಎಲ್‌ಪಿ ಮೇಲೆ ತೋಳು ಇಳಿಸಿ.