ರೆಡ್ ಡಾಟ್ ಸೈಟ್‌ನ ಚುಕ್ಕೆ ಸರಿಯಿಲ್ಲದಿದ್ದರೆ

ಪಿಸ್ತೂಲಿನ ಮ್ಯಾಗಜೀನ್ ತೆಗೆದು, ಚೇಂಬರ್ (ಗುಂಡು ಕೂರುವ ಗೂಡು) ಖಾಲಿಯಿದೆಯೆಂದು ಕಣ್ಣಾರೆ ಖಚಿತಪಡಿಸಿಕೊಂಡ ನಂತರವೇ, ಗುರಿಯಿಡಲು ಕೆಂಪು ಚುಕ್ಕೆ ತೋರಿಸುವ ಈ ಸೈಟ್‌ಗೆ ಕೈ ಹಾಕಿರಿ. ಗುಂಡು ಹಾರಿದಾಗ ಚುಕ್ಕೆ ಕ್ಷಣಕಾಲ ಆರಿದರೆ ಬ್ಯಾಟರಿಯ ಸಂಪರ್ಕ ಸಡಿಲವಾಗಿರುವ ಸಾಧ್ಯತೆಯೇ ಹೆಚ್ಚು. ಸಂಪರ್ಕ ಬಿಂದುಗಳನ್ನು ಒರೆಸಿ, ಹೊಸ ಬ್ಯಾಟರಿ ಹಾಕಿ ನೋಡಬೇಕು. ಗುಂಡುಗಳು ಬೀಳುವ ಜಾಗ ಮತ್ತೆ ಮತ್ತೆ ಬದಲಾಗುತ್ತಿದ್ದರೆ, ಸೊನ್ನೆ ಹೊಂದಿಸಲು, ಅಂದರೆ ಚುಕ್ಕೆಯನ್ನು ಗುಂಡು ಬೀಳುವ ಜಾಗಕ್ಕೆ ಸರಿಹೊಂದಿಸಲು, ಧಾವಿಸದೆ (ಹೆಚ್ಚಿನವರು ಎಡವುವುದು ಇಲ್ಲಿಯೇ), ಸೈಟನ್ನು ಸ್ಲೈಡ್‌ಗೆ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಬಿಗಿದ ಸ್ಕ್ರೂಗಳನ್ನು ಬಿಚ್ಚಿ, ಎಣ್ಣೆಯ ಪಸೆ ತೆಗೆದು, ತಯಾರಕರು ಸೂಚಿಸಿದ ಟಾರ್ಕ್‌ನಷ್ಟೇ (ತಿರುಗಿಸುವ ಬಲ) ಬಿಗಿದು, ಸ್ಕ್ರೂ ತಿರುಗಿದರೆ ತಿಳಿಯುವಂತೆ ಬಣ್ಣದ ಗೆರೆ ಎಳೆಯುವುದು ಒಳಿತು. ಸ್ಕ್ರೂ ಅಗತ್ಯಕ್ಕಿಂತ ಉದ್ದವಾಗಿದ್ದರೆ ಕೆಲವು ಪಿಸ್ತೂಲುಗಳಲ್ಲಿ ಖಾಲಿ ತೋಟೆಯನ್ನು ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರ್‌ನ ಚಲನೆಗೂ ಅಡ್ಡಿಯಾಗುತ್ತದೆ. ಹೊಂದಿಸುವಾಗ 1 ಎಂಒಎ (ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಎಂದರೆ 25 ಮೀಟರ್‌ನಲ್ಲಿ ಸುಮಾರು 7 ಮಿಲಿಮೀಟರ್. ಚುಕ್ಕೆ ಬಾಲ ಬಿಟ್ಟಂತೆ ಕಂಡರೆ ಮೊಬೈಲ್‌ನಲ್ಲಿ ಚಿತ್ರ ತೆಗೆಯಿರಿ. ಅದರಲ್ಲಿ ದುಂಡಗಿದ್ದರೆ ದೋಷ ಬಹುಶಃ ಸೈಟ್‌ನದ್ದಲ್ಲ, ಕಣ್ಣಿನ ವಕ್ರತೆ ಎಲ್ಲೆಡೆ ಸಮವಾಗಿಲ್ಲದ ದೋಷವಾದ ಅಸ್ಟಿಗ್ಮ್ಯಾಟಿಸಂನದ್ದು.