ಹೆವಿ ಮೆಟಲ್ ಮುಖ್ಯವಾಹಿನಿಗೆ ಬಂದ ಬಗೆಯನ್ನು ಕೇಳುತ್ತಾ ಅರಿಯುವುದು ಹೇಗೆ?

ಗಿಟಾರಿನ ಅಬ್ಬರವೇ ಪ್ರಧಾನವಾದ ರಾಕ್ ಸಂಗೀತದ ಪ್ರಕಾರಗಳಾದ ಹಾರ್ಡ್ ರಾಕ್ ಮತ್ತು ಹೆವಿ ಮೆಟಲ್ ಜನಪ್ರಿಯವಾದ ಬಗೆಯನ್ನು ತಿಳಿಯಬಯಸುವವರು ಆಲ್ಬಮ್‌ಗಳನ್ನು ಬಿಡುಗಡೆಯಾದ ಕ್ರಮದಲ್ಲಿಯೇ ಕೇಳಬೇಕು. ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬಾತ್ ತಂಡ 1970ರಲ್ಲಿ ಹೊರತಂದ ಮೊದಲ ಆಲ್ಬಮ್‌ನಿಂದ ಆರಂಭಿಸಿ, ಗಿಟಾರಿನ ಭಾರವಾದ ನಾದಕ್ಕೆ ಕಿವಿಗೊಡಿ. ಕಾರ್ಖಾನೆಯ ಅಪಘಾತದಲ್ಲಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡಿದ್ದ ಆ ತಂಡದ ಗಿಟಾರ್ ವಾದಕ ಟೋನಿ ಅಯೋಮಿ (ಎಡಗೈ ವಾದಕರಾದ ಅವರು ತಂತಿ ಒತ್ತುತ್ತಿದ್ದುದು ಆ ಕೈಯಿಂದಲೇ) ಹಗುರವಾದ ತಂತಿಗಳನ್ನು ಬಳಸಿ, ಮುಂದೆ ಶ್ರುತಿಯನ್ನೂ ತಗ್ಗಿಸಿದರು. ಆ ತಗ್ಗಿದ ಶ್ರುತಿಯೇ ಮುಂದಿನ ಎಷ್ಟೋ ತಂಡಗಳಿಗೆ ಮಾದರಿಯಾಯಿತು. ಲೆಡ್ ಜೆಪೆಲಿನ್ ಮತ್ತು ಡೀಪ್ ಪರ್ಪಲ್ ತಂಡಗಳ ಒಂದೊಂದು ಆಲ್ಬಮ್ ಸದ್ಯಕ್ಕೆ ಸಾಕು.

ಕೇಳುತ್ತಾ 1983ಕ್ಕೆ ಬಂದಾಗ ಮಾತ್ರ ಅವಸರಪಡಬೇಡಿ. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಆರಂಭವಾದ, ಹಾಡುಗಳ ವಿಡಿಯೊಗಳನ್ನು ಬಿತ್ತರಿಸುತ್ತಿದ್ದ ಎಂಟಿವಿ ಟಿವಿ ವಾಹಿನಿ ಈ ಸಂಗೀತವನ್ನು ಮನೆಮನೆಗೆ ಒಯ್ದಿತ್ತು. ಕ್ವಾಯೆಟ್ ರಯಟ್ ತಂಡದ ಆಲ್ಬಮ್ 1983ರ ನವೆಂಬರ್‌ನಲ್ಲಿ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಆ ಕಾಲದ ವಿಡಿಯೊವೊಂದನ್ನು ಮೊದಲು ಧ್ವನಿಯಿಲ್ಲದೆ ನೋಡಿ, ಬಳಿಕ ಚಿತ್ರವಿಲ್ಲದೆ ಕೇಳಿದರೆ, ಜನಪ್ರಿಯತೆಯಲ್ಲಿ ವೇಷಭೂಷಣದ ಪಾಲೆಷ್ಟು, ಸುಲಭವಾಗಿ ಗುನುಗಬಹುದಾದ ಪಲ್ಲವಿಯ ಪಾಲೆಷ್ಟು ಎಂಬುದು ಸ್ಪಷ್ಟವಾಗುತ್ತದೆ. ನನ್ನ ಮಟ್ಟಿಗೆ ಪಲ್ಲವಿಯದೇ ಮೇಲುಗೈ.

ಕೊನೆಯದಾಗಿ ಮೆಟಾಲಿಕಾ ತಂಡದ 1986ರ ಮತ್ತು 1991ರ ಆಲ್ಬಮ್‌ಗಳನ್ನು ಒಂದರ ಹಿಂದೊಂದು ಕೇಳಿ. ಎರಡನೆಯದರಲ್ಲಿ ವೇಗ ತಗ್ಗಿರುವುದನ್ನೂ ಹಾಡುಗಳು ಚಿಕ್ಕದಾಗಿರುವುದನ್ನೂ ಗುರುತಿಸಬಹುದು. ಅಮೆರಿಕದ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನದಲ್ಲಿ ಕಾಣಿಸಿಕೊಂಡದ್ದೂ ಅದೇ.