ಅಲುಗಾಡದ ಅಟ್ಟಣೆ ಕಟ್ಟುವುದು ಹೇಗೆ?

ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿ ಬರುತ್ತದೆ. ಹಂದಿ ಬಂದ ಮಾರನೇ ದಿನ ಗದ್ದೆ ಅಂಚಿನ ಮರದಲ್ಲಿ ಅಟ್ಟಣೆ ಏಳುತ್ತದೆ. ಬೆಳಿಗ್ಗೆ ಶುರು, ಸಂಜೆಗೆ ಮುಗಿದೇ ಹೋಯಿತು. ಮಲೆನಾಡಿನ ಕೆಲವು ಕಡೆ ಇದಕ್ಕೆ ಮಾಳ ಅನ್ನುತ್ತಾರೆ. ಹೆಸರು ಏನೇ ಇರಲಿ, ಅವಸರದಲ್ಲಿ ಕಟ್ಟಿದ್ದು ಮಗ್ಗಲು ಬದಲಿಸಿದರೆ ಸಾಕು, ಕಿರ್ರ್ ಅನ್ನುತ್ತದೆ. ಆ ಸದ್ದಿಗೆ ಹಂದಿ ಓಡುತ್ತದೋ ಇಲ್ಲವೋ, ಮೇಲಿದ್ದವನ ಧೈರ್ಯವಂತೂ ಓಡುತ್ತದೆ.

ನನ್ನ ಮೊದಲ ಅಟ್ಟಣೆಯೂ ಹಾಗೇ ಇತ್ತು. ನಾಲ್ಕು ಕೊಂಬೆಗೆ ನಾಲ್ಕು ಮೂಲೆ ಕಟ್ಟಿ ಬೀಗಿದ್ದೆ. ಮೊದಲ ರಾತ್ರಿಯೇ ಚಹಾ ಫ್ಲಾಸ್ಕ್ ಉರುಳಿ ಕೆಳಗೆ ಬಿತ್ತು. ಒಳಗಿನ ಗಾಜು ಚೂರಾದ ಸದ್ದು ಈಗಲೂ ಕಿವಿಯಲ್ಲಿದೆ.

ಮರ

ಮತ್ತಿ, ಹೊನ್ನೆ, ಹುಣಸೆ ಅಥವಾ ಹಳೇ ಮಾವು. ನುಗ್ಗೆ, ಬೂರುಗ, ಸಿಲ್ವರ್ ಓಕ್ ಬೇಡವೇ ಬೇಡ. ಕೊಂಬೆ ಹೇಳದೇ ಕೇಳದೇ ಮುರಿಯುತ್ತದೆ. ಹೊಳಗೇರಿನ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಹತ್ತುವ ಮೊದಲು ತಲೆ ಎತ್ತಿ ನೋಡಿ, ಹೆಜ್ಜೇನು ಕಟ್ಟಿರಬಹುದು. ಹಂದಿಗಾದರೆ ಹತ್ತಡಿ ಎತ್ತರ ಸಾಕು. ಆನೆ ಓಡಾಡುವ ಜಾಗವಾದರೆ ಇಪ್ಪತ್ತಡಿಗೆ ಕಡಿಮೆ ಬೇಡ, ಮರವೂ ಒಬ್ಬರ ತೆಕ್ಕೆಗೆ ಸಿಗದಷ್ಟು ದಪ್ಪ ಇರಲಿ. ಹಣ್ಣಿನ ಕಾಲದಲ್ಲಿ ಹಲಸಿನ ಮರ ಹತ್ತಿ ಕೂರಬೇಡಿ, ಆನೆ ಊಟಕ್ಕೆ ಅಲ್ಲಿಗೇ ಬರುತ್ತದೆ.

ಚೌಕ ಅಲ್ಲ, ತ್ರಿಕೋನ

ಎಲ್ಲರೂ ಎಡವುವುದು ಇಲ್ಲೇ. ಮೂರು ಕಲ್ಲಿನ ಒಲೆ ಯಾವತ್ತಾದರೂ ಕುಂಟಿದ್ದು ಕಂಡಿದ್ದೀರಾ? ಇಲ್ಲ. ನೆಲ ಏರುಪೇರಾದರೂ ಮೂರೂ ಕಲ್ಲು ಊರಿಕೊಂಡೇ ಇರುತ್ತವೆ. ನಾಲ್ಕು ಕಾಲಿನ ಸ್ಟೂಲು ಹಾಗಲ್ಲ, ಒಂದು ಕಾಲು ಸದಾ ತೇಲುತ್ತದೆ. ಮರದ ಕೊಂಬೆಗಳೇನು ನಮಗಾಗಿ ಒಂದೇ ಮಟ್ಟದಲ್ಲಿ ಬೆಳೆದಿರುತ್ತವಾ? ಅದಕ್ಕೇ ಮೂರೇ ಆಸರೆ ಹಿಡಿಯಿರಿ.

ಮೊದಲ ಬಿದಿರು ಗಳ ಎರಡು ದಪ್ಪ ಕೊಂಬೆಗಳಿಗೆ ಅಡ್ಡವಾಗಿ ಬರಲಿ. ಕವಲಿನಿಂದ ಎರಡಡಿಯೊಳಗೇ ಕಟ್ಟಿ, ತುದಿಗೆ ಹೋದಷ್ಟೂ ಕೊಂಬೆ ತೂಗುವುದು ಜಾಸ್ತಿ. ಆ ಗಳದ ಎರಡು ತುದಿಯಿಂದ ಇನ್ನೆರಡು ಗಳ ಹೊರಟು ಮೂರನೇ ಕೊಂಬೆಯ ಮೇಲೆ ಸೇರಬೇಕು.

ಮೂರನೇ ಕೊಂಬೆ ಸಿಗಲಿಲ್ಲವಾ? ಎರಡೂವರೆ ಅಡಿ ಗುಂಡಿ ತೆಗೆದು ಕವೆ ಇರುವ ಕಂಬ ನೆಡಿ. ಆದರೆ ಕಂಬಕ್ಕೆ ಬಿಗಿದು ಕಟ್ಟಬೇಡಿ. ಗಾಳಿಗೆ ಮರ ತೂಗುತ್ತದೆ, ಕಂಬ ತೂಗುವುದಿಲ್ಲ. ಎರಡನ್ನೂ ಬಿಗಿದರೆ ಜಗ್ಗಾಟದಲ್ಲಿ ಕಟ್ಟು ಹರಿಯುತ್ತದೆ, ಇಲ್ಲಾ ಗಳ ಸೀಳುತ್ತದೆ. ಗಳಗಳು ಕವೆಯಲ್ಲಿ ಸುಮ್ನೆ ಕೂತಿರಲಿ, ಕವೆ ದಾಟಿ ಒಂದಡಿ ಆಚೆ ಚಾಚಿರಲಿ, ಹಾರಿಹೋಗದಂತೆ ಒಂದು ಸಡಿಲ ಕುಣಿಕೆ ಸಾಕು.

ಮಟ್ಟ ನೋಡಲು ಗಾರೆಯವರ ನೀರಿನ ಪೈಪು ತನ್ನಿ. ನಾನಂತೂ ಬೊಡ್ಡೆಯ ಕಡೆ ಎರಡು ಬೆರಳು ತಗ್ಗಿಸುತ್ತೇನೆ. ನಿದ್ದೆಯಲ್ಲಿ ಹೊರಳಿದರೆ ಮರದ ಕಡೆಗೇ ಹೊರಳಲಿ ಅಂತ.

ಬಿದಿರು ಒಣಗಿದ್ದೇ ಇರಲಿ. ಹಸಿ ಬಿದಿರು ಒಣಗುತ್ತಾ ಕುಗ್ಗುತ್ತದೆ, ನಿನ್ನೆಯ ಬಿಗಿ ಕಟ್ಟು ಮುಂದಿನ ವಾರ ಬಳೆಯ ಹಾಗೆ ಜಾರುತ್ತದೆ. ಕಟ್ಟು ಗಿಣ್ಣಿನ ಪಕ್ಕಕ್ಕೇ ಬೀಳಬೇಕು. ನಡುವಿನ ಟೊಳ್ಳಿನ ಮೇಲೆ ಭಾರ ಬಿದ್ದರೆ ಗಳ ಬಿರಿಯುತ್ತದೆ.

ಕಟ್ಟು

ಹಗ್ಗ ಹತ್ತು ಮಿಲಿಮೀಟರ್ ದಪ್ಪ, ಒಂದೊಂದು ಕಟ್ಟಿಗೆ ಮೂರೂವರೆ ಮಾರು. ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುವ ಅಗ್ಗದ ಹೊಳೆಯುವ ಪ್ಲಾಸ್ಟಿಕ್ ಹಗ್ಗ ತರಬೇಡಿ. ನನಗೊಬ್ಬರು ಅದನ್ನೇ ನೈಲಾನ್ ಅಂತ ಕೊಟ್ಟಿದ್ದರು. ಬಿಸಿಲಿಗೆ ಬಣ್ಣ ಹೋಗಿ, ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು.

ಮೊದಲು ಕೊಂಬೆಗೆ ಗೋಣಿ ತುಂಡು ಸುತ್ತಿ. ಹಗ್ಗದ ತುದಿಯನ್ನು ಕೊಂಬೆಗೆ ಗಂಟು ಹಾಕಿ, ಗಳದ ಮೇಲಿಂದ, ಕೊಂಬೆಯ ಕೆಳಗಿಂದ, ಮತ್ತೆ ಗಳದ ಮೇಲಿಂದ ನಾಲ್ಕು ಸುತ್ತು ತನ್ನಿ. ಒಂದರ ಮೇಲೊಂದು ಹತ್ತದೆ ಸುತ್ತುಗಳು ಪಕ್ಕಪಕ್ಕ ಕೂರಬೇಕು. ಇಷ್ಟನ್ನು ಎಲ್ಲರೂ ಮಾಡುತ್ತಾರೆ, ಇಲ್ಲಿಗೇ ಗಂಟು ಹಾಕಿ ಇಳಿದೂ ಬಿಡುತ್ತಾರೆ.

ಆದರೆ ಕಟ್ಟಿನ ಜೀವ ಇರುವುದು ಮುಂದಿನ ಮೂರು ಸುತ್ತಿನಲ್ಲಿ. ಈಗ ಹಗ್ಗವನ್ನು ಗಳಕ್ಕೂ ಕೊಂಬೆಗೂ ನಡುವೆ ತೂರಿಸಿ, ಹಾಕಿದ ಸುತ್ತುಗಳ ಸೊಂಟಕ್ಕೇ ಸುತ್ತಿ. ಪ್ರತಿ ಸುತ್ತಿಗೂ ಹಗ್ಗದ ತುದಿಯನ್ನು ಒಂದು ಮೋಟು ಕೋಲಿಗೆ ಸುತ್ತಿ, ಮರಕ್ಕೆ ಕಾಲು ಕೊಟ್ಟು ಎಳೆಯಿರಿ. ಹಗ್ಗ ಕಿರುಗುಟ್ಟಿ ಒಳಗೆ ಕಚ್ಚಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಗಂಟು. ಬೆರಳಲ್ಲಿ ಮೀಟಿದರೆ ಟಣ್ ಅನ್ನಬೇಕು, ದೊಪ್ ಅಂದರೆ ಬಿಚ್ಚಿ ಮತ್ತೆ ಕಟ್ಟಿ.

ಮೊಳೆ ಹೊಡೆದರೆ ಬೇಗ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗುತ್ತದೆ, ಬೀಳುವುದೂ ಬೇಗ. ಕಂಬಿ ಬಿಗಿದರೆ ತೊಗಟೆ ಕೊಯ್ದು ಕೊಂಬೆಯೇ ಒಣಗುತ್ತದೆ.

ಮೊದಲು ಮರಳು, ಆಮೇಲೆ ಮನುಷ್ಯ

ಸಿಮೆಂಟ್ ಚೀಲದಲ್ಲಿ ಮರಳು ತುಂಬಿದರೆ ಹತ್ತಿರ ಹತ್ತಿರ 50 ಕಿಲೋ. ಇಬ್ಬರು ಕೂರುವ ಅಟ್ಟಣೆಗೆ ನಾಲ್ಕು ಚೀಲ ಹೇರಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಂದೆರಡು ಕಟ್ಟು ಸಡಿಲಾಗಿರುವುದು ಮಾಮೂಲು, ಬಿಗಿಯಿರಿ.

ನೆಲಕ್ಕೆ ಅಡಿಕೆ ದಬ್ಬೆ, ಅದರ ಮೇಲೆ ಹುಲ್ಲು. ಏಣಿ ಅಟ್ಟಣೆಗಿಂತ ಮೂರಡಿ ಮೇಲೆ ಚಾಚಿರಲಿ, ಹಿಡಿದು ಇಳಿಯಲು ಬೇಕು. ಮಾಡಿಗೆ ಸೋಗೆಯೇ ಸರಿ. ಟಾರ್ಪಾಲಿನ ಮೇಲೆ ಮಳೆ ಹನಿದರೆ ಡೋಲು ಬಾರಿಸಿದ ಹಾಗೆ, ಹಂದಿ ಗದ್ದೆಗಿಳಿದದ್ದು ಕೇಳುವುದೇ ಇಲ್ಲ. ಗುಡುಗು ಶುರುವಾದರೆ ಮಾತ್ರ ಬೆಳೆ ಆಸೆ ಬಿಟ್ಟು ಇಳಿದು ಮನೆಗೆ ನಡೆಯಿರಿ.

ಪಟ್ಟಿ

ಅಮೆರಿಕದಲ್ಲಿ ಕೆಲವು ಜಿಂಕೆ ಬೇಟೆಯವರು ಸೊಂಟ, ತೊಡೆಗೆ ಪಟ್ಟಿ (ಹಾರ್ನೆಸ್) ಬಿಗಿದು ಮರಕ್ಕೆ ಜೋತುಕೊಂಡು ಕೂರುತ್ತಾರೆ, ಕಾಲೂರಲು ಒಂದು ಪುಟ್ಟ ಹಲಗೆ ಅಷ್ಟೇ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಬೇಟೆಯ ಮಾತಿಲ್ಲ, ನಾವು ಹತ್ತುವುದು ಕೂಗು ಹಾಕಿ, ತಗಡು ಬಡಿದು ಓಡಿಸಲು. ಆದರೆ ಅವರ ಒಂದು ಅಭ್ಯಾಸ ನನಗೆ ಹಿಡಿಸಿದೆ. ಕಾಲು ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗೂ ಮರಕ್ಕೆ ಕಟ್ಟಿಕೊಂಡೇ ಇರಬೇಕು ಅನ್ನುವುದು. ಐಎಸ್ 3521 (ಇಂಥ ಸುರಕ್ಷತಾ ಪಟ್ಟಿಗಳ ಭಾರತೀಯ ಮಾನದಂಡ) ಮುದ್ರೆ ಇರುವ, ಹೆಗಲು, ತೊಡೆ ಎರಡನ್ನೂ ಹಿಡಿಯುವ ಪಟ್ಟಿ ತನ್ನಿ. ಸೊಂಟಕ್ಕೆ ಮಾತ್ರ ಬರುವ ಬೆಲ್ಟು ಬೇಡ, ಬಿದ್ದಾಗ ನಡು ಮುರಿಯುವುದು ಅದೇ. ಹಗ್ಗವನ್ನು ತಲೆಗಿಂತ ಮೇಲೆ, ಬೊಡ್ಡೆಗೆ ಕಟ್ಟಿ, ಅಟ್ಟಣೆಯ ಗಳಕ್ಕಲ್ಲ.

ಕೊಯ್ಲು ಮುಗಿದ ವಾರವೇ ಎಲ್ಲ ಕಟ್ಟು ಬಿಚ್ಚಿ. ಬಿದಿರು ಅಟ್ಟಕ್ಕೆ, ದಬ್ಬೆ ಬೇಲಿಗೆ. ಹಗ್ಗ ಕರು ಕಟ್ಟಲು ಆಗುತ್ತದೆ, ಮುಂದಿನ ವರ್ಷದ ಅಟ್ಟಣೆಗೆ ಹೊಸದು ತನ್ನಿ.